ಹಾಲಿಗೆ ಚೀಟಿ ಇದೆ, ಮಗುವಿನ ನಾಲಿಗೆಯ ಗಂಟಿಗೆ ಇಲ್ಲ

ಬ್ಲಾಗು ಧೂಳು ಹಿಡಿದು ಕೂತಿದೆ, ಗೊತ್ತು. ಬರೀಬೇಕು ಬರೀಬೇಕು ಅಂದ್ಕೊಂಡು ಆಫೀಸು, ರಿಲೀಸು ಅಂತ ಮುಂದಕ್ಕೆ ಹಾಕ್ತಾನೇ ಬಂದೆ. ಇವತ್ತು ಬರೆಯದೇ ಇದ್ರೆ ನಿದ್ದೆ ಬರಲ್ಲ ಅನ್ನಿಸ್ತು, ಅದಕ್ಕೇ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ :)

ವಿಷಯ ನಮ್ಮ ಅಕ್ಕನ ಮಗನದ್ದು. ಅಕ್ಕನನ್ನ ಕೊಟ್ಟಿರೋದು ಮಂಡ್ಯ ತಾಲೂಕಿನ ಕೆರಗೋಡಿಗೆ. ಕೆರಗೋಡು ಅಂದ ಕೂಡಲೇ ನಿಮ್ಮಲ್ಲಿ ಬಹಳ ಜನಕ್ಕೆ 2024ರ ಜನವರಿಯ ಧ್ವಜದ ಗಲಾಟೆ ನೆನಪಾಗುತ್ತೆ. ಟೀವಿಯವರು ಆ ಊರಿಗೆ ಬಂದದ್ದು ಆಗಲೇ. ನನಗೆ ಮಾತ್ರ ಆ ಊರು ಅಂದ್ರೆ ಕಬ್ಬಿನ ಗದ್ದೆ, ಬೆಳಿಗ್ಗೆ ಸಂಜೆ ಡೈರಿ ಮುಂದೆ ಕ್ಯಾನು ಹಿಡ್ಕೊಂಡು ನಿಂತ ಜನ, ಮತ್ತೆ ಈ ಹುಡುಗ. ಹೆಸರು ಬೇಡ, ಮನೇಲಿ ನಾವೆಲ್ಲ ಪುಟ್ಟ ಅಂತೀವಿ.

ಪುಟ್ಟನಿಗೆ ಏಳು ವರ್ಷ ಇದ್ದಾಗ ನಾಲಿಗೆಯ ಎಡಗಡೆ ಅಂಚಿನಲ್ಲಿ ಒಂದು ಗಂಟು ಕಾಣಿಸ್ತು. ಹೆಸರುಕಾಳಿನಷ್ಟು. ನೋವಿಲ್ಲ, ರಕ್ತ ಇಲ್ಲ. ಕಬ್ಬು ಸಿಗಿದು ತಿನ್ನುವಾಗ ತಾಗುತ್ತೆ ಅಂತ ಅವನೇ ಹೇಳಿದ್ದು. ಅಕ್ಕನ ಅತ್ತೆ ಬಾಯಿ ತೆಗೆಸಿ ನೋಡಿ, "ಉಸ್ಣಕ್ಕೆ ಎದ್ದಿರೋದು ಕಣವ್ವ, ಬೆಣ್ಣೆ ಸವರು, ವಾಸಿಯಾಯ್ತದೆ" ಅಂದ್ರು. ಬೆಣ್ಣೆ ಸವರಿದ್ದಾಯ್ತು, ಎಳನೀರು ಕುಡಿಸಿದ್ದಾಯ್ತು. ಗಂಟು ಹೆಸರುಕಾಳಿಂದ ಕಡಲೆಕಾಳಿನಷ್ಟಾಯ್ತು.

ಆಮೇಲೆ ಪೇಟೆಯ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದರು. ಅಲ್ಲಿ ಹೇಳಿದ್ದು "ನೀರುಗುಳ್ಳೆ, ಮಕ್ಕಳಿಗೆ ಸಾಮಾನ್ಯ" ಅಂತ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದಲ್ಲಿ ತೆಗೆದು, ಎರಡು ಹೊಲಿಗೆ ಹಾಕಿ ಕಳಿಸಿದರು. ತೆಗೆದದ್ದು ಏನಾಯ್ತು? ಹತ್ತಿ, ಗ್ಲೌಸುಗಳ ಜೊತೆ ಬುಟ್ಟಿಗೆ ಹೋಯ್ತು. ನಮ್ಮ ಭಾವನ ಕೈಗೆ ಸಿಕ್ಕಿದ್ದು ಮಾತ್ರೆ ಬರೆದ ಒಂದು ಸಣ್ಣ ಹಾಳೆ, ಅಷ್ಟೆ.

ಒಂದೂವರೆ ವರ್ಷದ ಮೇಲೆ ಅದೇ ಜಾಗದಲ್ಲಿ ಗಂಟು ಮತ್ತೆ ಬಂತು. ಈ ಸಲ ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು, ನಾನೂ ರಜ ಹಾಕಿ ಹೋಗಿದ್ದೆ. ಅಲ್ಲಿಯ ಡಾಕ್ಟರು ಬೆರಳಿಂದ ಒತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಹೋದ ಸಲ ತೆಗೆದದ್ದರ ರಿಪೋರ್ಟ್ ಎಲ್ಲಿ?"

ನಾವು ಮೂವರೂ ಮುಖ ಮುಖ ನೋಡ್ಕೊಂಡ್ವಿ.

ಈ ಲೇಖನ ಇರೋದು ಆ ಒಂದು ಪ್ರಶ್ನೆ ಬಗ್ಗೆ. ಉಳಿದದ್ದೆಲ್ಲ ಅದರ ವಿವರಣೆ.

ಎರಡನೇ ಸಲ ತೆಗೆದದ್ದು ಲ್ಯಾಬಿಗೆ ಹೋಯ್ತು. ವಾರ ಬಿಟ್ಟು ರಿಪೋರ್ಟ್ ಬಂತು. ಅಕ್ಕ ಅದರ ಫೋಟೋ ತೆಗೆದು ನನಗೆ ಕಳಿಸಿ, ಹಿಂದೇನೇ ಫೋನ್ ಮಾಡಿದಳು. "ಟ್ಯೂಮರ್ ಅಂತ ಬರ್ದವ್ರೆ ಕಣೋ.. ಕಿದ್ವಾಯಿಗೆ ಹೋಗ್ಬೇಕಾ?" ದನಿ ನಡುಗ್ತಿತ್ತು. ನಮ್ಮ ಕಡೆ ಕಿದ್ವಾಯಿ ಅಂದ್ರೆ ಕ್ಯಾನ್ಸರ್, ಕ್ಯಾನ್ಸರ್ ಅಂದ್ರೆ ಕಿದ್ವಾಯಿ. ಬೇರೆ ಅರ್ಥವೇ ಇಲ್ಲ. ಅವಳು ಓದಿದ್ದು ಆ ಒಂದು ಪದ ಮಾತ್ರ. ಅದರ ಹಿಂದೆ "ಬಿನೈನ್", ಅಂದ್ರೆ ಕ್ಯಾನ್ಸರ್ ಅಲ್ಲದ್ದು, ಅಂತಲೂ ಬರೆದಿತ್ತು. ಪಿಯುಸಿ ಓದಿರೋ ಹೆಂಗಸಿಗೆ ಆ ಪದ ಕಣ್ಣಿಗೇ ಬೀಳಲಿಲ್ಲ. ಬಿದ್ದಿದ್ದರೂ ಏನು ಅಂತ ಅರ್ಥ ಮಾಡ್ಕೋತಿದ್ದಳು ಹೇಳಿ?

ರಿಪೋರ್ಟಿನಲ್ಲಿದ್ದ ಹೆಸರು ನ್ಯೂರೋಫೈಬ್ರೋಮ. ನರದ ಹೊದಿಕೆಯಿಂದ ಹುಟ್ಟೋ ಗಂಟು. ಆಮೇಲೆ ಎರಡು ಮೂರು ವಾರ ರಾತ್ರಿಯೆಲ್ಲ ಕೂತು ಓದಿದೆ, ಡಾಕ್ಟರ ತಲೆನೂ ತಿಂದೆ. ತಿಳಿದಷ್ಟನ್ನ ಕನ್ನಡದಲ್ಲಿ ಹೇಳ್ತೀನಿ, ಡಾಕ್ಟರುಗಳು ಯಾರಾದ್ರೂ ಓದ್ತಿದ್ದರೆ ತಪ್ಪಿದ್ದಲ್ಲಿ ತಿದ್ದಿ.

ಮೊದಲು, ನರ ಅಂದ್ರೆ ಇಲ್ಲಿ ರಕ್ತನಾಳ ಅಲ್ಲ. ನಮ್ಮೂರಲ್ಲಿ ಕೈ ಮೇಲೆ ಹಸಿರಾಗಿ ಉಬ್ಬಿರೋದಕ್ಕೂ ನರ ಅಂತೀವಿ, ಅದಲ್ಲ. ಮೆದುಳಿಗೆ ಸುದ್ದಿ ಒಯ್ಯೋದು, ಅಲ್ಲಿಂದ ಆಜ್ಞೆ ತರೋದು ಮಾಡುತ್ತಲ್ಲ, ಆ ನರ. ಪಂಪ್‌ಸೆಟ್ಟಿನ ವೈರು ನೆನೆಸ್ಕೊಳ್ಳಿ. ಒಳಗೆ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ನರದ ಎಳೆಗಳಿಗೂ ಹಂಗೇ ಒಂದು ಹೊದಿಕೆ ಇರುತ್ತೆ. ಆ ಹೊದಿಕೆ ಮಾಡೋ ಜೀವಕೋಶಗಳನ್ನ ಜರ್ಮನಿಯ ಥಿಯೋಡರ್ ಶ್ವಾನ್ 1839ರಲ್ಲಿ ವಿವರಿಸಿದ, ಅದಕ್ಕೇ ಅವು ಶ್ವಾನ್ ಕೋಶಗಳು. ಈ ಹೊದಿಕೆಯ ಕೋಶಗಳು ಅತಿಯಾಗಿ ಬೆಳೆದರೆ ಗಂಟಾಗುತ್ತೆ. ಮೈಯಲ್ಲಿ ನರ ಇರೋ ಕಡೆಯೆಲ್ಲ ಬರಬಹುದು. ನಾಲಿಗೆಯಲ್ಲಿ ನರಗಳು ಕಿಕ್ಕಿರಿದಿವೆ, ಹಂಗಾಗಿ ಬಾಯಲ್ಲಿ ಬಂದರೆ ನಾಲಿಗೆಯಲ್ಲೇ ಹೆಚ್ಚು.

ಆದರೆ ಬಾಯಲ್ಲಿ ಬರೋದೇ ಅಪರೂಪ. ಶ್ವಾನೋಮ ಅನ್ನೋ ಗಂಟನ್ನೇ ತಗೊಳ್ಳಿ. ದೇಹದಲ್ಲಿ ಬರೋ ಶ್ವಾನೋಮಗಳಲ್ಲಿ ನೂರಕ್ಕೆ 25ರಿಂದ 45ರಷ್ಟು ತಲೆ ಮತ್ತು ಕತ್ತಿನ ಭಾಗದಲ್ಲಿ ಬರುತ್ತವೆ, ಬಾಯಿಯೊಳಗೆ ಬರೋದು ನೂರಕ್ಕೆ ಒಂದರಷ್ಟು ಮಾತ್ರ. ಅದರಲ್ಲೂ ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ. ಮಕ್ಕಳ ಬಾಯಲ್ಲಿ ಕಾಣೋ ಗಂಟುಗಳಲ್ಲಿ ಹೆಚ್ಚಿನವು ನಿಜಕ್ಕೂ ನೀರುಗುಳ್ಳೆಗಳೇ. ತುಟಿ ಕಚ್ಚಿಕೊಂಡಾಗ ಜೊಲ್ಲಿನ ಸಣ್ಣ ಕೊಳವೆ ಒಡೆದು ಆಗೋದು. ಹಂಗಾಗಿ ಮೊದಲ ಕ್ಲಿನಿಕ್ಕಿನವರು ಅಂದಾಜು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಕಣ್ಣಲ್ಲಿ ನೋಡಿ ಎಂಥಾ ಡಾಕ್ಟರೂ ಖಚಿತವಾಗಿ ಹೇಳೋಕಾಗಲ್ಲ. ತಪ್ಪಾಗಿದ್ದು ಕೈಗೆ ಸಿಕ್ಕ ಸಾಕ್ಷಿಯನ್ನ ಬುಟ್ಟಿಗೆ ಹಾಕಿದ್ದು.

ಯಾಕೆ ಅಂದ್ರೆ, ನರದ ಗಂಟುಗಳು ಹೊರಗಿಂದ ನೋಡೋಕೆ ಒಂದೇ ಥರ. ಒಳಗೆ ಬೇರೆ ಬೇರೆ. ಮುಂದಿನ ದಾರಿಯೂ ಬೇರೆ ಬೇರೆ.

ಶ್ವಾನೋಮ ಆದರೆ ಅದಕ್ಕೆ ತನ್ನದೇ ಒಂದು ಚೀಲ ಇರುತ್ತೆ. ನರದ ಪಕ್ಕಕ್ಕೆ ಕೂತು ಬೆಳೆಯುತ್ತೆ. ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ ಬಿಡಿಸಿ ತೆಗೀಬಹುದು. ಪೂರ್ತಿ ತೆಗೆದರೆ ಮತ್ತೆ ಬರೋದು ತೀರಾ ಕಡಿಮೆ. ಅಲ್ಲಿಗೆ ಕಥೆ ಮುಗೀತು, ಮನೆಗೆ ಬಂದು ಪಾಯಸ ಮಾಡಬಹುದು.

ನ್ಯೂರೋಫೈಬ್ರೋಮಕ್ಕೆ ಸಾಮಾನ್ಯವಾಗಿ ಆ ಚೀಲ ಇರಲ್ಲ. ನರದ ಎಳೆಗಳ ನಡುವೆಯೇ ಹೆಣ್ಕೊಂಡು ಬೆಳೆಯುತ್ತೆ, ಹಗ್ಗದೊಳಗೆ ಸೇರಿಕೊಂಡ ಗೋಂದಿನ ಹಾಗೆ. ಸ್ವಲ್ಪ ಉಳಿದರೂ ಮತ್ತೆ ಬರಬಹುದು. ಅದಕ್ಕಿಂತ ಮುಖ್ಯ, ಅದು ಒಂಟಿಯಾಗಿ ಬಂದಿರಬಹುದು, ಅಥವಾ ನ್ಯೂರೋಫೈಬ್ರೊಮಟೋಸಿಸ್ 1 ಅನ್ನೋ ವಂಶವಾಹಿಯ ಕಾಯಿಲೆಯ ಒಂದು ತುದಿ ಆಗಿರಬಹುದು. ಇದನ್ನ 1882ರಲ್ಲಿ ಫಾನ್ ರೆಕ್ಲಿಂಗ್‌ಹೌಸನ್ ಅನ್ನೋ ಜರ್ಮನ್ ವೈದ್ಯ ವಿವರಿಸಿದ, ಕಾರಣವಾದ ಜೀನ್ ಪತ್ತೆಯಾದದ್ದು 1990ರಲ್ಲಿ. ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಇರುತ್ತೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಲ್ಲೂ ಕಾಯಿಲೆ ಇರಲ್ಲ, ಜೀನ್ ಹೊಸದಾಗಿ ಬದಲಾಗಿರುತ್ತೆ. ಹಂಗಾಗಿ "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ಸೊಸೆ ತವರಿನ ಕಡೆಯಿಂದ ಬಂತು ಅಂತ ಜಗಳ ತೆಗೆಯೋದಕ್ಕೂ ಅರ್ಥ ಇಲ್ಲ. (ಆ ಮಾತೂ ಮನೇಲಿ ಬಂತು, ಅದಕ್ಕೇ ಬರೀತಿದ್ದೀನಿ.)

ಈ ಕಾಯಿಲೆ ಇರೋ ಮಕ್ಕಳ ಮೈ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳಿರುತ್ತವೆ. ದೊಡ್ಡವರಾಗೋ ಮುಂಚೆ, 5 ಮಿಲಿಮೀಟರಿಗಿಂತ ದೊಡ್ಡ ಮಚ್ಚೆ ಆರು ಅಥವಾ ಹೆಚ್ಚು ಇದ್ದರೆ ಡಾಕ್ಟರು ಗಂಭೀರವಾಗಿ ತಗೋತಾರೆ. ಕಂಕುಳಲ್ಲಿ ಸಣ್ಣ ಚುಕ್ಕೆಗಳು, ಕಣ್ಣಿನ ಪಾಪೆಯ ಸುತ್ತಲ ಬಣ್ಣದ ಭಾಗದಲ್ಲಿ ಪುಟಾಣಿ ಗಂಟುಗಳು ಕೂಡ ಲಕ್ಷಣಗಳೇ. ಇಂಥ ಮಕ್ಕಳಿಗೆ ಕಣ್ಣಿನ ನರ, ಬೆನ್ನುಮೂಳೆ, ರಕ್ತದೊತ್ತಡ, ಕಲಿಕೆ ಎಲ್ಲದರ ಮೇಲೂ ವರ್ಷಾ ವರ್ಷಾ ಕಣ್ಣಿಟ್ಟಿರಬೇಕು. ಈ ಕಾಯಿಲೆ ಇರುವವರಲ್ಲಿ ಕೆಲವರಿಗೆ ಮುಂದೆ ಯಾವುದಾದರೂ ಗಂಟು ಕ್ಯಾನ್ಸರ್ ಆಗೋ ಸಾಧ್ಯತೆಯೂ ಇದೆ. ಎಂಟು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಲಕ್ಷಣಗಳು ಗುರುತಿಸುವಷ್ಟು ಕಾಣಿಸಿರುತ್ತವೆ. ಅಂದ್ರೆ, ಹುಡುಕಿದರೆ ಸಿಗುತ್ತೆ. ಹುಡುಕಬೇಕು ಅಂತ ಅನ್ನಿಸಬೇಕು ಅಷ್ಟೆ.

ಮೂರನೆಯದು ಕೇಳಿ, ನನ್ನ ನಿದ್ದೆ ಕೆಡಿಸಿದ್ದು ಇದು. ಕೆಲವು ಮಕ್ಕಳಿಗೆ ತುಟಿ, ನಾಲಿಗೆಯ ತುದಿಯಲ್ಲಿ ಒಂದಲ್ಲ, ಹಲವು ಸಣ್ಣ ಸಣ್ಣ ಗಂಟುಗಳು ಏಳುತ್ತವೆ, ತುಟಿ ದಪ್ಪಗಾಗುತ್ತೆ. ಮ್ಯೂಕೋಸಲ್ ನ್ಯೂರೋಮ ಅಂತಾರೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ಹೊದಿಕೆಯ ಗಂಟಲ್ಲ, ನರಗಳೇ ಹೊದಿಕೆ ಸಮೇತ ದಪ್ಪಗಾಗಿರೋದು. ಆ ಗಂಟಿನಿಂದ ಏನೂ ಅಪಾಯ ಇಲ್ಲ. ಆದರೆ ಅದು ಎಂಇಎನ್ 2ಬಿ ಅನ್ನೋ ತೀರಾ ಅಪರೂಪದ ಕಾಯಿಲೆಯ ಗುರುತಾಗಿರಬಹುದು. ರೆಟ್ ಅನ್ನೋ ಜೀನಿನ ದೋಷ. ಆ ಮಕ್ಕಳಿಗೆ ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಬರೋದು ಹೆಚ್ಚುಕಡಿಮೆ ಖಚಿತ, ಅದೂ ತೀರಾ ಚಿಕ್ಕ ವಯಸ್ಸಿನಲ್ಲಿ. 2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ ಮಾರ್ಗಸೂಚಿ ಪ್ರಕಾರ, ಈ ಕಾಯಿಲೆಗೆ ಸಾಮಾನ್ಯವಾಗಿ ಕಾರಣವಾಗೋ ಜೀನ್ ದೋಷ ಇರೋ ಮಗುವಿಗೆ ಒಂದು ವರ್ಷ ತುಂಬೋದರೊಳಗೇ ಥೈರಾಯ್ಡ್ ತೆಗೆಯಬೇಕು. ಯೋಚಿಸಿ, ಬಾಯಲ್ಲಿನ ನಿರಪಾಯದ ಗಂಟು ಕತ್ತಿನಲ್ಲಿ ಬರೋ ಕ್ಯಾನ್ಸರಿಗೆ ಮುಂಚೆಯೇ ಗಂಟೆ ಬಾರಿಸ್ತಾ ಇರುತ್ತೆ. ನಾವು ಆ ಗಂಟೆಯನ್ನ ಕಿತ್ತು ಬುಟ್ಟಿಗೆ ಹಾಕಿ, "ಸದ್ಯ ಸದ್ದು ನಿಂತಿತು" ಅಂತ ಮನೆಗೆ ಬರ್ತೀವಿ.

ಉಲ್ಟಾ ಕೂಡ ಆಗುತ್ತೆ. ಗ್ರಾನ್ಯುಲರ್ ಸೆಲ್ ಟ್ಯೂಮರ್ ಅಂತ ಇನ್ನೊಂದಿದೆ, ಶ್ವಾನ್ ಕೋಶಗಳ ಸಂಬಂಧಿಯೇ, ನಾಲಿಗೆಯೇ ಅದಕ್ಕೂ ಇಷ್ಟದ ಜಾಗ. ಅದರ ಮೇಲಿನ ಪದರ ಎಷ್ಟೋ ಸಲ ಕ್ಯಾನ್ಸರಿನ ಹಾಗೇ ಕಾಣುವಂತೆ ಬೆಳೆದಿರುತ್ತೆ. ಮೇಲಿನ ಸಣ್ಣ ಚೂರು ಮಾತ್ರ ನೋಡಿದರೆ ಮೋಸ ಹೋಗಬಹುದು. ಅಲ್ಲಿ ಸರಿಯಾದ ಪರೀಕ್ಷೆ ಆದರೆ ಮಗು ಬೇಡದ ದೊಡ್ಡ ಆಪರೇಷನ್ನಿನಿಂದ ಪಾರಾಗುತ್ತೆ.

ಇಷ್ಟೆಲ್ಲ ಬೇರೆ ಮಾಡೋದು ಯಾವ ದೊಡ್ಡ ಮೆಷೀನು? ಯಾವುದೂ ಇಲ್ಲ. ತೆಗೆದ ಚೂರನ್ನ ಫಾರ್ಮಲಿನ್ ತುಂಬಿದ ಸಣ್ಣ ಡಬ್ಬಿಗೆ ಹಾಕಬೇಕು. ಲ್ಯಾಬಿನಲ್ಲಿ ಅದನ್ನ ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆಚ್ಚಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಅನುಮಾನ ಇದ್ದರೆ ಎಸ್-100 ಅನ್ನೋ ಪ್ರೋಟೀನ್ ಇದೆಯಾ ಅಂತ ಇನ್ನೊಂದು ಬಣ್ಣ ಹಾಕಿ ನೋಡ್ತಾರೆ, ಶ್ವಾನ್ ಕೋಶ ಇದ್ದರೆ ಅದು ಹಿಡಿಯುತ್ತೆ. ಆ ಮೇಣದ ಅಚ್ಚು ವರ್ಷಗಟ್ಟಲೆ ಕೆಡಲ್ಲ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾದ್ರೆ ಅದನ್ನೇ ಕೇಳಿ ತಗೊಂಡು ಹೋಗಬಹುದು. ಮೈಸೂರಿನಲ್ಲಿ ಮೊದಲ ಪರೀಕ್ಷೆಗೆ ನಾವು ಕೊಟ್ಟದ್ದು ಸಾವಿರ ರೂಪಾಯಿಗೂ ಕಡಿಮೆ. ಎರಡನೇ ಆಪರೇಷನ್ನಿಗೆ ಓಡಾಡಿದ ಖರ್ಚು, ಭಾವ ಕೆಲಸ ಬಿಟ್ಟ ದಿನಗಳು, ಅಕ್ಕ ಅತ್ತ ರಾತ್ರಿಗಳು.. ಅವನ್ನೆಲ್ಲ ಲೆಕ್ಕ ಹಾಕೋರು ಯಾರು?

ಇದಕ್ಕೆ ಎದುರು ಮಾತೂ ಇದೆ, ನನ್ನ ಹಲ್ಲಿನ ಡಾಕ್ಟರ್ ಗೆಳೆಯನೇ ಹೇಳಿದ. "ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಪೆಥಾಲಜಿಸ್ಟ್ ಎಲ್ಲಿರ್ತಾರೆ? ನೂರು ನೀರುಗುಳ್ಳೆ ಕಳಿಸಿದರೆ ನೂರೂ ನೀರುಗುಳ್ಳೆ ಅಂತಲೇ ಬರಬಹುದು. ಜನ ನಾನು ದುಡ್ಡು ಮಾಡೋಕೆ ಟೆಸ್ಟ್ ಬರೀತೀನಿ ಅಂತಾರೆ." ಮೂರೂ ನಿಜವೇ. ಕೆಲವು ನೀರುಗುಳ್ಳೆ ತಾನೇ ಒಡೆದು ಹೋಗುತ್ತೆ, ಅದನ್ನ ಮುಟ್ಟೋದೇ ಬೇಡ, ಲ್ಯಾಬಿನ ಮಾತೂ ಬೇಡ. ನಾನು ಹೇಳ್ತಿರೋದು ಕತ್ತರಿ ಹಾಕಿದ ಮೇಲಿನ ಮಾತು. ಮಗುವಿಗೆ ನೋವು ಕೊಟ್ಟಾಗಿದೆ, ಚೂರು ಕೈಯಲ್ಲಿದೆ. ಇನ್ನು ಅದನ್ನ ನೋಡದೆ ಎಸೆಯೋದು ಯಾವ ಉಳಿತಾಯ? ಪೆಥಾಲಜಿಸ್ಟ್ ಊರಲ್ಲೇ ಇರಬೇಕಾಗಿಲ್ಲ. ಫಾರ್ಮಲಿನ್‌ನಲ್ಲಿರೋ ಚೂರು ಹಾಲಲ್ಲ, ಸಂಜೆಗೆ ಒಡೆಯಲ್ಲ. ಮಂಡ್ಯದಲ್ಲೇ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಮೈಸೂರು ಬೆಂಗಳೂರಿನಲ್ಲಿ ದಂತ ಕಾಲೇಜುಗಳಿವೆ. ದಂತ ಕಾಲೇಜುಗಳಲ್ಲಿ ಬಾಯಿಯ ಗಂಟುಗಳನ್ನ ನೋಡೋಕೇ ಅಂತ ಓರಲ್ ಪೆಥಾಲಜಿ ಅನ್ನೋ ಪ್ರತ್ಯೇಕ ವಿಭಾಗ ಇರುತ್ತೆ. ಅಲ್ಲಿ ತನಕ ಒಂದು ಡಬ್ಬಿ ಕಳಿಸೋಕೆ ನಮಗೆ ಆಗಲ್ವಾ?

ಹಾಲು ಅಂದಾಗ ನೆನಪಾಯ್ತು. ಅಕ್ಕನ ಮನೆಯಿಂದ ದಿನಾ ಡೈರಿಗೆ ಹಾಲು ಹೋಗುತ್ತೆ. ಅಲ್ಲಿ ಸ್ಯಾಂಪಲ್ ತೆಗೆದು, ಫ್ಯಾಟ್ ಎಷ್ಟು ಅಂತ ನೋಡಿ, ಬರೆದು ಕೊಡ್ತಾರೆ. ಆ ಹಾಲು ಮದ್ದೂರಿನ ಗೆಜ್ಜಲಗೆರೆ ಡೈರಿಗೆ ಹೋದರೆ ಅಲ್ಲಿ ಮತ್ತೆ ಪರೀಕ್ಷೆ. ಫ್ಯಾಕ್ಟರಿಗೆ ಕಬ್ಬು ಹೊಡೆದರೆ ತೂಕದ ಚೀಟಿ ಕೊಡಬೇಕು, ಕೊಡದೆ ಇದ್ದರೆ ನಮ್ಮ ಮಂಡ್ಯದವರು ಸುಮ್ನೆ ಬಿಡ್ತಾರಾ? ರಸ್ತೆ ತಡೆಯೇ ಆಗುತ್ತೆ. ಹಸುವಿನ ಹಾಲಿಗೆ ಚೀಟಿ ಕೇಳೋ ನಾವು, ಮಗನ ನಾಲಿಗೆಯಿಂದ ಕತ್ತರಿಸಿದ್ದಕ್ಕೆ ಚೀಟಿ ಕೇಳಲಿಲ್ಲ. ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ ನನಗೂ ಗೊತ್ತಿರಲಿಲ್ಲ. ಸರ್ವರ್ ಬಿದ್ದಾಗ ಲಾಗ್ ಅಳಿಸಿ ರೀಸ್ಟಾರ್ಟ್ ಮಾಡಿದವನಿಗೆ ಆಫೀಸಿನಲ್ಲಿ ನಾನೇ ಕ್ಲಾಸು ತಗೊಂಡಿದ್ದೀನಿ, ಮನೆಯ ವಿಷಯಕ್ಕೆ ಅದೇ ಬುದ್ಧಿ ಓಡಲಿಲ್ಲ ನೋಡಿ.

ಹಂಗಾಗಿ ನನ್ನ ಅಭಿಪ್ರಾಯ ಇಷ್ಟು. ಒಂದು, ಮಗುವಿನ ಬಾಯಿಂದ ಏನೇ ಗಂಟು ತೆಗೆದರೂ ಅದು ಲ್ಯಾಬಿಗೆ ಹೋಗಲೇಬೇಕು, ಅದರ ರಿಪೋರ್ಟು ಅಪ್ಪ ಅಮ್ಮನ ಕೈಗೆ ಬರಲೇಬೇಕು. ಡಾಕ್ಟರು ತಾವಾಗಿ ಹೇಳಲಿಲ್ಲ ಅಂದ್ರೆ ನಾವು ಕೇಳಬೇಕು. "ಡಾಕ್ಟ್ರೇ, ಇದನ್ನ ಟೆಸ್ಟಿಗೆ ಕಳಿಸ್ತೀರಾ?" ಅನ್ನೋ ಒಂದು ವಾಕ್ಯ ಸಾಕು. ಇದರಲ್ಲಿ ಅವಮಾನ ಏನಿಲ್ಲ.

ಎರಡು, ಆ ರಿಪೋರ್ಟಿನ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಇರಬೇಕು. ಇದು ಕ್ಯಾನ್ಸರ್ ಹೌದೋ ಅಲ್ಲವೋ, ಮತ್ತೆ ಬರುತ್ತಾ, ಇನ್ನೇನು ನೋಡಿಸಬೇಕು, ಯಾವಾಗ ಬರಬೇಕು. ನಾಲ್ಕೇ ಸಾಲು. ಆ ನಾಲ್ಕು ಸಾಲು ಇದ್ದಿದ್ದರೆ ಅಕ್ಕ ಒಂದು ರಾತ್ರಿ ಪೂರ್ತಿ ಮಗನ ಮುಖ ನೋಡ್ತಾ ಕೂರ್ತಿರಲಿಲ್ಲ.

ಮೂರು, 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬಂದು ಮಕ್ಕಳನ್ನ ನೋಡಬೇಕು. ಹಲ್ಲು ನೋಡೋವಾಗ ನಾಲಿಗೆ ಹೊರಗೆ ಚಾಚಿಸಿ ಎರಡೂ ಅಂಚು ನೋಡಿದರೆ, ಅಂಗಿ ಎತ್ತಿಸಿ ಮಚ್ಚೆ ಎಣಿಸಿದರೆ ಒಂದು ಮಗುವಿಗೆ ಎಷ್ಟು ಹೊತ್ತಾದೀತು? ಅದಕ್ಕೆ ಹೊಸ ಯೋಜನೆ, ಹೊಸ ಬಜೆಟ್ಟು ಏನೂ ಬೇಡ.

ಇನ್ನು ಪುಟ್ಟನ ವಿಷಯ. ಮೈಸೂರಿನ ಡಾಕ್ಟರು ಅವನ ಅಂಗಿ ಬಿಚ್ಚಿಸಿ ಬೆನ್ನು, ಕಂಕುಳು, ತೊಡೆ ಎಲ್ಲ ನೋಡಿದರು. ಮೂರು ಮಚ್ಚೆ ಸಿಕ್ಕವು. ಆರಲ್ಲ, ಮೂರು. ಕಂಕುಳಲ್ಲಿ ಚುಕ್ಕೆ ಇಲ್ಲ. ಕಣ್ಣಿನ ಡಾಕ್ಟರೂ ನೋಡಿ ಏನೂ ಇಲ್ಲ ಅಂದರು. ಅಕ್ಕ ಭಾವನ ಮೈಯನ್ನೂ ನೋಡಿದರು. ಬಹುಶಃ ಒಂಟಿ ಗಂಟೇ ಇರಬೇಕು, ಆದರೂ ವರ್ಷಕ್ಕೊಂದು ಸಲ ಕರ್ಕೊಂಡು ಬನ್ನಿ ಅಂದಿದ್ದಾರೆ. ಮೊದಲ ಸಲದ ಚೂರು ಇದ್ದಿದ್ದರೆ ಇದು ಅದೇ ಗಂಟು ಉಳಿದು ಬೆಳೆದದ್ದಾ, ಹೊಸದಾ ಅಂತ ಹೇಳಬಹುದಿತ್ತಂತೆ. ಈಗ ಆ ಪ್ರಶ್ನೆಗೆ ಉತ್ತರ ಹೇಳೋರು ಯಾರೂ ಇಲ್ಲ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಡೈರಿ ಚೀಟಿ ಚುಚ್ಚಿಡೋ ತಂತಿ ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಕವರು ನೇತಾಡ್ತಿತ್ತು. ಒಳಗೆ ಪುಟ್ಟನ ರಿಪೋರ್ಟು, ಅದರ ಹಿಂದೆ ಅಕ್ಕನೇ ಪೆನ್ನಲ್ಲಿ ಬರೆದದ್ದು, "ಕ್ಯಾನ್ಸರ್ ಅಲ್ಲ. ವರ್ಷಕ್ಕೆ ಒಂದ್ಸಲ ತೋರಿಸಬೇಕು." ಪುಟ್ಟ ಜಗಲಿ ಮೇಲೆ ಕೂತು ಕಬ್ಬು ಸಿಗೀತಿದ್ದ. ತಾಗುತ್ತೇನೋ ಅಂದೆ. ಬಾಯಿ ತುಂಬ ಕಬ್ಬು ಇಟ್ಕೊಂಡೇ ಇಲ್ಲ ಅಂತ ತಲೆ ಆಡಿಸಿದ.

ನಿಮ್ಮ ಮನೆಯಲ್ಲಿ, ಗೊತ್ತಿರುವವರಲ್ಲಿ ಇಂಥದ್ದು ಆಗಿದ್ದರೆ ಬರೀರಿ, ಕನ್ನಡದಲ್ಲೇ ಬರೀರಿ. "ನಾಲಿಗೆ ಗಂಟು" ಅಂತ ಹುಡುಕೋ ಇನ್ನೊಬ್ಬ ಅಕ್ಕನಿಗೆ ಬೆಣ್ಣೆ, ಎಳನೀರಿನ ಜೊತೆ ಇದೂ ಸಿಗಲಿ.

ಏನಂತೀರಿ?